ಬಗ್ಗದವನ ಬಿಗಿ ಪೆಡಲು

ಯಾರ ಕಾಲಿಗೂ ಬೀಳಬಾರದೆಂಬುದು ವಿಶ್ವವಿದ್ಯಾಲಯದಲ್ಲಿ ನಾನು ಕಲಿತ ಏಕೈಕ ಉಪಯುಕ್ತ ವಿದ್ಯೆ. ಕಾಲಿಗೆ ಹಾಕಿಕೊಳ್ಳುವ ವಸ್ತುವೊಂದರಿಂದಲೇ ಆ ವ್ರತ ಕೆಟ್ಟೀತೆಂದು ಊಹಿಸಿರಲಿಲ್ಲ. ನಾಗರಬಾವಿಯ ನಮ್ಮ ರಸ್ತೆಯನ್ನು ಒಳಚರಂಡಿಗೆಂದು ಅಗೆದು ಹಾಗೆಯೇ ಬಿಟ್ಟು ಎಂಟು ತಿಂಗಳಾಗಿತ್ತು. ಮನವಿ, ಜ್ಞಾಪನ, ಎಚ್ಚರಿಕೆ ಎಂದು ಶಾಸಕರ ಕಚೇರಿಗೆ ನಾನು ಬರೆದ ಹನ್ನೊಂದು ಪತ್ರಗಳಿಗೆ ಉತ್ತರವಿರಲಿಲ್ಲ. ಭಾನುವಾರ ಉದ್ಯಾನದ ಕಲ್ಲುಬೆಂಚು ಉದ್ಘಾಟಿಸಲು ಶಾಸಕರು ಬರುವವರಿದ್ದರು. ಹನ್ನೆರಡನೆಯ ಪತ್ರವನ್ನು ಅವರ ಮುಖಕ್ಕೇ ಹಿಡಿಯುವುದೆಂದು ನಿಶ್ಚಯಿಸಿದೆ.

ಶನಿವಾರ ರಾಜಾಜಿನಗರದ ಸೈಕಲ್ ಅಂಗಡಿಗೆ ಹೋದದ್ದು ಬೇರೆಯೇ ಚಪಲಕ್ಕೆ: ಬೂಟನ್ನೇ ಹಿಡಿದುಕೊಳ್ಳುವ ಹೊಸ ಬಗೆಯ ಪೆಡಲು ಬೇಕಿತ್ತು. ಬೂಟಿನಡಿಯ ತುಂಡೊಂದು ಪೆಡಲಿಗೆ ಕಚ್ಚಿಕೊಳ್ಳುತ್ತದೆ; ಬಿಡಿಸಿಕೊಳ್ಳಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ಇಂಥದ್ದಕ್ಕೆ, ಕ್ಲಿಪ್ಪೇ ಇಲ್ಲವೆಂಬರ್ಥದಲ್ಲಿ, 'ಕ್ಲಿಪ್‌ಲೆಸ್' ಎಂದು ಹೆಸರಿಟ್ಟವರು ಯಾರಿಗೆ ಉತ್ತರದಾಯಿಗಳೆಂದು ಅಂಗಡಿಯವರನ್ನು ಕೇಳಿದೆ.

"ಡಬ್ಬದ ಮೇಲೆ ಹಂಗೇ ಬರ್ದವ್ರೆ ಸಾರ್. ನೀವು ಹೊಸಬ್ರು, ಈ ಎರಡೂ ಕಡೆ ಕಚ್ಚೋ ಪೆಡಲ್ ತಗೊಳ್ಳಿ. ಇದರ ಶೂನಲ್ಲಿ ನಡೀಬೋದು, ಕಾಲೂ ಬೇಗ ಬಿಡುತ್ತೆ."

ಬೇಗ ಬಿಡುವುದೆಂಬ ಮಾತೇ ನನ್ನನ್ನು ಕೆರಳಿಸಿತು. ಹಿಡಿದದ್ದನ್ನು ಬೇಗ ಬಿಡುವವರಿಂದಲೇ ಈ ದೇಶ ಹೀಗಾಗಿದೆಯೆಂದು ಭಾಷಣ ಬಿಗಿದು, ರೇಸಿನವರ ಗಟ್ಟಿ ಬೂಟನ್ನೂ ಅದರ ಪೆಡಲನ್ನೂ ಕೊಂಡೆ.

"ಶೂ ಹಿಡ್ಕೊಳ್ಳೋ ಸ್ಪ್ರಿಂಗಾದ್ರೂ ಲೂಸ್ ಮಾಡ್ತೀನಿ ಸಾರ್."

"ಪೂರ್ತಿ ಬಿಗಿ ಮಾಡಿ," ಎಂದೆ.

ಮರುದಿನ ಉದ್ಯಾನದ ಬಾಗಿಲಲ್ಲಿ ಶಾಸಕರು ಹಾರ ಹಾಕಿಸಿಕೊಳ್ಳುತ್ತಿದ್ದಾಗ ನಾನು ಧಾವಿಸಿ ಬಂದು ಅವರೆದುರೇ ಬ್ರೇಕು ಹಿಡಿದೆ. ಸೈಕಲ್ ನಿಂತಿತು, ಹಿಮ್ಮಡಿ ತಿರುಗಲಿಲ್ಲ. "ಉತ್ತರ ಕೊಡಿ" ಎನ್ನಲು ಬಾಯಿ ತೆರೆದವನು ಕಡಿದ ಬಾಳೆಗಿಡದಂತೆ ನಿಧಾನವಾಗಿ ವಾಲಿ, ಸೈಕಲ್ ಸಮೇತ ಅವರ ಪಾದಕ್ಕೆ ಉರುಳಿದೆ. ಜೇಬಿನ ಪತ್ರ ಅವರ ಚಪ್ಪಲಿಯ ಮೇಲೆ ಬಿತ್ತು.

"ಅಯ್ಯೋ, ಏಳಪ್ಪಾ! ಇಷ್ಟೊಂದ್ ಭಕ್ತಿ ಬೇಡ," ಎಂದು ಶಾಸಕರು ತಲೆ ಸವರಿದರು. ಏಳಲಾಗಬೇಕಲ್ಲ! ಎರಡೂ ಕಾಲು ಪೆಡಲಿನ ವಶದಲ್ಲಿದ್ದವು. ಪತ್ರವನ್ನೆತ್ತಿ ಕಣ್ಣಾಡಿಸಿದ ಅವರು ಅದನ್ನು ಹಠವೆಂದು ಬಗೆದರು. "ನೋಡ್ರಯ್ಯಾ, ಕೆಲ್ಸ ಆಗೋವರ್ಗೂ ಏಳಲ್ಲ ಅಂತಾನೆ! ಇಂಜಿನಿಯರ್ರೇ, ಇವ್ನ ರಸ್ತೆ ಯಾವ್ದು? ನಾಳೇನೇ ಮುಚ್ಸಿ."

ಬುಧವಾರದೊಳಗೆ ಡಾಂಬರು ಬಿತ್ತು. ಅದು ಸಾಷ್ಟಾಂಗ ನಮಸ್ಕಾರವಲ್ಲ, ಕೇವಲ ಸ್ಪ್ರಿಂಗಿನ ಬಿಗಿತವೆಂದು ವಿವರಿಸಿ ಮನೆಮನೆಗೆ ಸ್ಪಷ್ಟೀಕರಣ ಹಂಚಿದೆ. ಎದುರುಮನೆಯ ಆಂಟಿ ಓದಿ ಮಡಿಚಿಟ್ಟು ಹೇಳಿದರು: "ಅದೆಲ್ಲ ಇರ್ಲಿ ಕಣಪ್ಪ. ಬೀದಿ ದೀಪ ಉರೀತಿಲ್ಲ. ಮುಂದಿನ್ವಾರ ಅವ್ರು ಮತ್ತೆ ಬರ್ತಾರಂತೆ. ಆ ಶೂ ಒಂದ್ಸಲ ಹಾಕ್ಕೊಂಡ್ ಹೋಗ್ಬಾ."

ಇದು ಆತ್ಮಗೌರವದ ಪ್ರಶ್ನೆಯೆಂದು ಸಿಡಿದೆದ್ದೆ. ಆದರೆ ಬೀದಿ ನಿಜಕ್ಕೂ ಕತ್ತಲಾಗಿದೆ. ಬಲ ಮೊಣಕೈಯ ಗಾಯ ಇನ್ನೂ ಮಾಗದಿರುವುದರಿಂದ, ಸದ್ಯ ಎಡಕ್ಕೆ ವಾಲುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.