ಏಳು ಕೆ.ಜಿ.ಯ ಫಾರಿನ್ ಟೂರು

ಈ ರಜೆಯಲ್ಲಿ ಫಾರಿನ್ನಿಗೆ ಹೋಗಿಯೇ ತೀರುತ್ತೇನೆ! ಹೀಗೆಂದು ಮಗಳ ಶಾಲೆಯ ಗೇಟಿನ ಮುಂದೆ ಘೋಷಿಸಿಬಿಟ್ಟೆ. ಮತ್ತೇನು ಮಾಡಲಿ? ಅಲ್ಲಿ ಮಕ್ಕಳಿಗಾಗಿ ಕಾಯುವ ಅಮ್ಮಂದಿರೆಲ್ಲ ಸಮುದ್ರ ದಾಟಿ ಬಂದವರೇ. ದಾಟದೆ ಉಳಿದವರು ನಾನು ಮತ್ತು ವಾಚ್‌ಮನ್. ಮೊನ್ನೆ ಆತನೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದನಂತೆ!

ಗಂಡ ಇಂಟರ್‌ನೆಟ್ಟನ್ನೆಲ್ಲ ಜಾಲಾಡಿ ಭೂಮಂಡಲದಲ್ಲೇ ಅಗ್ಗದ ಟಿಕೆಟ್ ಹಿಡಿದರು. ತಲೆಗೆ ಏಳು ಕೆ.ಜಿ. ಬ್ಯಾಗು ಮಾತ್ರ. ಮೀರಿದರೆ ದಂಡ, ಅದೂ ಟಿಕೆಟ್ಟಿಗಿಂತ ದುಬಾರಿ!

ಏಳು ಕೆ.ಜಿ.ಗೆ ತಾಯಿಕರುಳು ಒಪ್ಪುತ್ತದೆಯೇ? ಮಗಳಿಗೆ ನೆಗಡಿಯಾದರೆಂದು ಹಬೆ ಮೆಷಿನ್ನು. ಥರ್ಮಾಮೀಟರ್ ಎರಡು, ಒಂದು ಸುಳ್ಳು ಹೇಳಿದರೆ ಇನ್ನೊಂದನ್ನು ಕೇಳಬೇಕಲ್ಲ!

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ನಕ್ಕಳು. "ಮೇಡಂ, ನಿಮ್ಮ ಬ್ಯಾಗು ಹನ್ನೊಂದು ಕೆ.ಜಿ. ಇದೆ."

"ಆ ಮೆಷಿನ್ ಬಿಸಾಕು," ಎಂದರು ಗಂಡ.

"ಅಲ್ಲಿ ಮಗೂಗೆ ಕೆಮ್ಮು ಬಂದ್ರೆ ಹಬೆ ನೀವು ಊದ್ತೀರಾ?"

"ಸರಿ, ಬಟ್ಟೆ ತೆಗಿ."

"ರೀ, ಮೂರು ದಿನದ ಫೋಟೋಲೂ ಒಂದೇ ಡ್ರೆಸ್ಸಾ? ಗೇಟಿನ ಹತ್ರ ಹೇಗೆ ಮುಖ ತೋರಿಸಲಿ?"

"ಹಾಗಾದ್ರೆ ಎಲ್ಲಾ ಮೈಮೇಲೇ ಹೇರ್ಕೋ! ಮನುಷ್ಯರನ್ನ ಯಾರೂ ತೂಗಲ್ಲ."

ಎಂಥ ಐಡಿಯಾ! ಶೌಚಾಲಯಕ್ಕೆ ಹೋಗಿ ನಾಲ್ಕು ಟಾಪು, ಎರಡು ಸ್ವೆಟರು ತೊಟ್ಟೆ. ಎರಡು ಟವೆಲ್ಲು, ಮಗಳ ಆರು ಫ್ರಾಕು ಸೊಂಟಕ್ಕೆ ಸುತ್ತಿಕೊಂಡೆ. ಮೇಲೊಂದು ಕೋಟು. ನನ್ನ ಚಪ್ಪಲಿ ನನಗೇ ಕಾಣದಾಯಿತು, ಬ್ಯಾಗು ಮಾತ್ರ ಪಾಸಾಯಿತು!

ಗೆದ್ದ ಗತ್ತಿನಲ್ಲಿ ಗಾಜಿನಾಚೆಯ ವಿಮಾನ ಹಿಂದೆ ಕಾಣುವಂತೆ ಪಕ್ಕಕ್ಕೆ ತಿರುಗಿ ನಿಂತು, ಬೋರ್ಡಿಂಗ್ ಪಾಸ್ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡೆ. ಶಾಲೆಯ ಅಮ್ಮಂದಿರ ಗುಂಪಿಗೂ ಮನೆಯವರ ಗುಂಪಿಗೂ ಕಳಿಸಿದೆ.

ನಿಮಿಷದೊಳಗೆ ಫೋನು ನಡುಗತೊಡಗಿತು. "ಅಭಿನಂದನೆ!" "ಕಳ್ಳಿ, ಗೇಟಲ್ಲಿ ದಿನಾ ಸಿಕ್ಕರೂ ಹೇಳಲೇ ಇಲ್ಲ!"

"ನೋಡಿದ್ರಾ ನನ್ನ ಮರ್ಯಾದೆ?" ಎಂದು ಗಂಡನ ಮುಂದೆ ಫೋನು ಹಿಡಿದೆ. ಅವರು ಓದುತ್ತಾ ಹೋದರು. ಮುಖ ಯಾಕೋ ಕೆಂಪಾಯಿತು. "ಎಷ್ಟನೇ ತಿಂಗಳು ಅಂತ ಕೇಳ್ತಿದ್ದಾರಲ್ಲೇ!"

ಅಷ್ಟರಲ್ಲಿ ಅತ್ತೆಯ ಕರೆ. ದನಿಯಲ್ಲಿ ಆನಂದಬಾಷ್ಪ.

"ಎರಡನೇದು ಅಂತ ನನಗೂ ಹೇಳಲಿಲ್ವಲ್ಲಮ್ಮ!"

"ಅಯ್ಯೋ ಅತ್ತೆ, ಹೊಟ್ಟೆ ನೋಡ್ಬೇಡಿ, ಹಿಂದಿರೋ ವಿಮಾನ ನೋಡಿ! ನಾನು ಫಾರಿನ್ನಿಗೆ ಹೊರಟಿದ್ದೀನಿ!"

"ಫಾರಿನ್ನಿಗೆ ಈಗ ಯಾರು ತಾನೇ ಹೋಗಲ್ಲ? ಅದು ಬಿಡು, ಡಾಕ್ಟರು ಯಾವ ತಾರೀಕು ಕೊಟ್ಟಿದ್ದಾರೆ?"