ಇಲ್ಲದ ತೆರಿಗೆಗೆ ಹೆದರಿದವರು

ಆಸ್ಟ್ರೇಲಿಯಾದಲ್ಲಿ ಬಾಡಿಗೆಗಿರುವವರು ಕೌನ್ಸಿಲ್‌ಗೆ, ಅಂದರೆ ಅಲ್ಲಿನ ನಗರಸಭೆಗೆ, ಮನೆ ತೆರಿಗೆ ಕಟ್ಟಬೇಕಾಗಿಲ್ಲ. ಅದು ಓನರ್ ತಲೆನೋವು. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಊಟ ಬಿಟ್ಟವರು, ಅತ್ತವರು, ಮನೆ ಬದಲಿಸಲು ಹೊರಟವರು ನನಗೆ ಸಿಗುತ್ತಲೇ ಇರುತ್ತಾರೆ. ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯಲ್ಲಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಆಫೀಸಿನಲ್ಲಿ ನನ್ನ ಕೆಲಸ. ನಮ್ಮ ಬೋರ್ಡಿನಲ್ಲಿ ಕನ್ನಡದ ಒಂದಕ್ಷರವೂ ಇಲ್ಲ, ಆದರೂ ಕನ್ನಡದ ವಿದ್ಯಾರ್ಥಿಗಳು ಹೇಗೋ ಪತ್ತೆ ಹಚ್ಚಿ ಬರುತ್ತಾರೆ. ಬಂದವರು ಕೂರುವ ಮೊದಲೇ, "ಆಂಟಿ, ವೀಸಾಗೆ ಏನೂ ಆಗಲ್ಲ ಅಲ್ವಾ?" ಎಂದು ಕೇಳುತ್ತಾರೆ. ಏನಾಯಿತು ಅನ್ನುವುದನ್ನು ಆಮೇಲೆ ಹೇಳುತ್ತಾರೆ.

ಸೋಫಾದ ಹಿಂದೆ

ಅವರನ್ನು ನೋಡಿ ನಗುವ ಹಾಗೂ ಇಲ್ಲ. ನಾನೇ ಹೀಗೆ ನಡುಗಿದವಳು.

ಉಡುಪಿಯಿಂದ ಓದಲು ಬಂದಾಗ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಒಂದು ಹಳೇ ಮನೆಯಲ್ಲಿದ್ದೆ. ಅವರಲ್ಲೊಬ್ಬಳು ಕಾಲೇಜಿನಿಂದ ಸುದ್ದಿ ತಂದಳು. "ಸ್ಟೂಡೆಂಟ್ಸ್‌ಗೆ ಮನೆ ಟ್ಯಾಕ್ಸಿನಿಂದ ವಿನಾಯಿತಿ ಇದೆಯಂತೆ. ಆದ್ರೆ ನಾವೇ ಕೇಳಿ ತಗೋಬೇಕಂತೆ. ಇಲ್ಲಾಂದ್ರೆ ಕೌನ್ಸಿಲ್‌ನವರು ಮನೆಗೇ ಬರ್ತಾರಂತೆ." ಆ 'ಅಂತೆ'ಗಳನ್ನು ನಾವು ಕಾನೂನೆಂದೇ ನಂಬಿದೆವು. ಯಾರನ್ನಾದರೂ ಕೇಳೋಣ ಅಂದರೆ, ಕೇಳಿದರೆ ನಾವು ಕಟ್ಟಿಲ್ಲ ಎಂದು ಅವರಿಗೆ ಗೊತ್ತಾಗಿಬಿಡುತ್ತದಲ್ಲ ಎಂಬ ಹೆದರಿಕೆ.

ಆ ಶನಿವಾರವೇ ಕಿತ್ತಳೆ ಬಣ್ಣದ ಕೋಟು ಹಾಕಿದ ಒಬ್ಬ ಮನುಷ್ಯ ನಮ್ಮ ಗೇಟಿನ ಮುಂದೆ ನಿಂತ. ಮನೆಯನ್ನು ನೋಡಿದ, ಕೈಯಲ್ಲಿದ್ದ ಟ್ಯಾಬ್‌ನಲ್ಲಿ ಏನೋ ಒತ್ತಿದ. ಕೋಟಿನ ಬೆನ್ನ ಮೇಲೆ ಕೌನ್ಸಿಲ್ ಎಂದು ಬರೆದಿತ್ತು. ನಾವು ಪರದೆ ಎಳೆದು ಮೂವರೂ ಸೋಫಾದ ಹಿಂದೆ ಕುಳಿತೆವು. ನನ್ನ ಪಕ್ಕದವಳು ಬಾಯಿಗೆ ದುಪಟ್ಟಾ ತುರುಕಿಕೊಂಡಿದ್ದಳು. ಆತ ಬಾಗಿಲು ತಟ್ಟಿದ. ಅಷ್ಟರಲ್ಲಿ ಅಡುಗೆಮನೆಯಿಂದ ಕುಕ್ಕರ್ ಬೀದಿಗೆಲ್ಲ ಕೇಳುವಂತೆ ಸೀಟಿ ಹೊಡೆಯಿತು.

ಇನ್ನು ಅಡಗಿ ಕೂತು ಪ್ರಯೋಜನವಿರಲಿಲ್ಲ. ಬಾಗಿಲು ತೆರೆದೆವು. ಮೂವರೂ ಸ್ಟೂಡೆಂಟ್ ಕಾರ್ಡ್ ಮುಂದೆ ಹಿಡಿದು ಸಾಲಾಗಿ ನಿಂತೆವು. ಆತ ಒಂದೊಂದೇ ಕಾರ್ಡನ್ನು ಗಮನವಿಟ್ಟು ನೋಡಿದ.

"ಫೋಟೋಗಳು ಚೆನ್ನಾಗಿ ಬಂದಿವೆ," ಅಂದ. "ಗೇಟಿನ ಮುಂದಿರೋ ಮರದ ಕೊಂಬೆ ಕಡೀಬೇಕಿತ್ತು. ಕೆಳಗಿರೋ ಕಾರು ನಿಮ್ಮಲ್ಲಿ ಯಾರದು?"

ನಿನ್ನ ಹೆಸರಲ್ಲಿ ಏನಿದೆ

ಹಾಸನದ ಹುಡುಗನೊಬ್ಬ ನಮ್ಮ ಪಕ್ಕದ ಪ್ಯಾರಮ್ಯಾಟದಲ್ಲಿ ನರ್ಸಿಂಗ್ ಓದುತ್ತಿದ್ದ. ಅವನ ಚಿಕ್ಕಪ್ಪನ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಳು. ಅಲ್ಲಿ ಬಾಡಿಗೆಗಿರುವವರಿಗೂ ಕೌನ್ಸಿಲ್ ಟ್ಯಾಕ್ಸ್ ಉಂಟು, ವಿದ್ಯಾರ್ಥಿಗಳಿಗೆ ವಿನಾಯಿತಿ ಉಂಟು. ಅವಳು ಫೋನಿನಲ್ಲಿ, "ಇನ್ನೂ ಎಕ್ಸೆಂಪ್ಷನ್ ತಗೊಂಡಿಲ್ವಾ? ಇಲ್ಲಿ ಒಬ್ಬನಿಗೆ ಕೋರ್ಟಿಂದ ಕರೆ ಬಂತು ಕಣೋ," ಅಂದಳು. ದೇಶ ಬೇರೆ, ಕಾನೂನು ಬೇರೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಹುಡುಗ ಕಾಲೇಜಿಗೆ ಓಡಿದ. ಅಂಥದ್ದೊಂದು ನಮ್ಮಲ್ಲಿ ಇಲ್ಲ ಎಂದು ಅಲ್ಲಿಯವರು ಹೇಳಿದರು. ಇವನು ಅದನ್ನು, ನಿನಗೆ ಕೊಡುವುದಿಲ್ಲ ಎಂದು ಅರ್ಥ ಮಾಡಿಕೊಂಡ. ನೇರ ಕೌನ್ಸಿಲ್‌ಗೆ ಹೋಗಿ ಕೌಂಟರ್ ಮುಂದೆ ಕೈಕಟ್ಟಿ ನಿಂತ. ಆಮೇಲೆ ನನ್ನ ಹತ್ತಿರ ಬಂದು ಅಲ್ಲಿ ನಡೆದದ್ದನ್ನು ಅವನೇ ಹೇಳಿದ.

ಕೌಂಟರಿನ ಹೆಂಗಸು ಕೇಳಿದರಂತೆ, "ಯಾವ ಪ್ರಾಪರ್ಟಿಗೆ ವಿನಾಯಿತಿ ಬೇಕು? ನಿನ್ನ ಹೆಸರಲ್ಲಿ ಏನಿದೆ?"

ತನ್ನ ಮೇಲೆ ಆಸ್ತಿ ಮುಚ್ಚಿಟ್ಟ ಆರೋಪ ಬಂತು ಎಂದುಕೊಂಡು ಇವನು ಕೈಮುಗಿದ. "ಏನೂ ಇಲ್ಲ ಮೇಡಂ, ನಿಜವಾಗ್ಲೂ ಏನೂ ಇಲ್ಲ. ಒಂದು ರೈಸ್ ಕುಕ್ಕರ್ ಇದೆ, ಅದರಲ್ಲೂ ಅರ್ಧ ರೂಮ್‌ಮೇಟ್‌ದು."

ಆಕೆ ಕಂಪ್ಯೂಟರನ್ನು ಗಂಭೀರವಾಗಿ ನೋಡಿ ಹೇಳಿದರು, "ರೈಸ್ ಕುಕ್ಕರ್‌ಗೆ ವಿನಾಯಿತಿ ಇದೆ. ಧೈರ್ಯವಾಗಿ ಹೋಗು."

ಓನರ್ ಭಯ

ಬಾಡಿಗೆಯವರಿಗೆ ಮಾತ್ರ ಭಯ ಅಂತಲ್ಲ. ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ ಹೊಸ ಮನೆ ಕೊಂಡ ಮೈಸೂರಿನ ಐಟಿ ಗಂಡಹೆಂಡತಿ ಅದನ್ನು ಬಾಡಿಗೆಗೆ ಕೊಡಲು ಬಂದರು. ಮನೆಸಾಲದ ಬಡ್ಡಿ ಏರಿದ ಸುದ್ದಿ ಕೇಳಿ ಕೇಳಿ ಗಂಡನ ಮುಖ ಬಿಳಿಚಿಕೊಂಡಿತ್ತು. "ನಮಗೆ ಇಂಟರ್‌ನ್ಯಾಷನಲ್ ಸ್ಟೂಡೆಂಟ್ಸೇ ಬೇಕು," ಅಂದರು. ಯಾಕೆ ಎಂದು ಕೇಳಿದರೆ, ಹಾಗೆ ಕೊಟ್ಟರೆ ಕೌನ್ಸಿಲ್ ತೆರಿಗೆ ಮಾಫಿ ಎಂದು ಯಾರೋ ಗಣಪತಿ ಪೂಜೆಯಲ್ಲಿ ಹೇಳಿದ್ದರಂತೆ. ಹಾಗೇನೂ ಇಲ್ಲ ಎಂದೆ. ಅವರು ನನ್ನನ್ನು ನಂಬದೆ ಅಲ್ಲೇ ಕೌನ್ಸಿಲ್‌ಗೆ ಫೋನ್ ಮಾಡಿದರು.

ಫೋನಿಟ್ಟಾಗ ಗಂಡನ ದನಿ ಸಣ್ಣದಾಗಿತ್ತು. "ಸ್ಟೂಡೆಂಟ್ ಇದ್ರೆ ಏನೂ ಇಲ್ವಂತೆ. ಓನರ್ ಪೆನ್ಷನರ್ ಆಗಿದ್ರೆ ಮಾತ್ರ ಸ್ವಲ್ಪ ಕಮ್ಮಿ ಮಾಡ್ತಾರಂತೆ."

ಹೆಂಡತಿ ಬ್ಯಾಗ್ ಎತ್ತಿಕೊಳ್ಳುತ್ತಾ, "ಅದಕ್ಕ್ಯಾಕೆ ಚಿಂತೆ? ಈ ಮನೆ ಸಾಲ ಮುಗಿಯೋಷ್ಟರಲ್ಲಿ ಹೇಗೂ ಆಗಿರ್ತೀರಿ," ಅಂದರು.

ಮೇಯರ್ ಕೈಕುಲುಕಿದ್ದು

ನಮ್ಮ ಆಫೀಸಿನ ಹಿಂದಿನ ಫ್ಲ್ಯಾಟಿನಲ್ಲಿದ್ದ ಗದಗಿನ ವಿದ್ಯಾರ್ಥಿಯ ತಂದೆ ಮಗನನ್ನು ನೋಡಲು ವಿಸಿಟರ್ ವೀಸಾದ ಮೇಲೆ ಬಂದಿದ್ದರು. ಊರಲ್ಲಿ ನಗರಸಭೆಯ ಕಂದಾಯ ವಿಭಾಗದಲ್ಲಿದ್ದು ನಿವೃತ್ತರಾದವರು. ತೆರಿಗೆ ಕಟ್ಟದವರ ಮನೆ ಮುಂದೆ ತಮಟೆ ಹೊಡೆಸಿದ ಅನುಭವ ಅವರದು. ಮಗ ಯಾವ ತೆರಿಗೆಯನ್ನೂ ಕಟ್ಟುತ್ತಿಲ್ಲ ಎಂದು ತಿಳಿದದ್ದೇ ಅವರಿಗೆ ಅನ್ನ ಸೇರಲಿಲ್ಲ. ಹೊರಗೆ ಏನಾದರೂ ಸದ್ದಾದರೆ ಕಿಟಕಿಗೆ ಹೋಗಿ, ತಮಟೆಯವರು ಬಂದರೇ ಎಂದು ನೋಡುತ್ತಿದ್ದರು. ಮಗ ಎಷ್ಟು ಬಿಡಿಸಿ ಹೇಳಿದರೂ, "ತೆರಿಗಿ ಇಲ್ಲದ ಊರು ಎಲ್ಲೈತೋ ತಮ್ಮಾ," ಅನ್ನುತ್ತಿದ್ದರು.

ಒಂದು ದಿನ ಮಗ ಕ್ಲಾಸಿಗೆ ಹೋದಾಗ ಕೋಟು ಹಾಕಿಕೊಂಡು ದಾರಿ ಕೇಳುತ್ತಾ ಒಬ್ಬರೇ ಕೌನ್ಸಿಲ್‌ಗೆ ಹೋದರು. ಸಂಜೆ ಮಗ ಬೆವರುತ್ತಾ ಅವರನ್ನು ನನ್ನ ಮುಂದೆ ತಂದು ಕೂರಿಸಿದ. ಅವರ ಕೋಟಿನ ಜೇಬಿನಲ್ಲಿ ಆಸ್ಟ್ರೇಲಿಯಾದ ಪುಟ್ಟ ಬಾವುಟ, ಮುಖದಲ್ಲಿ ಗೆದ್ದು ಬಂದ ಕಳೆ.

"ವಿನಾಯ್ತಿ ಆತ್ರಿ ಬಾಯಾರ," ಅಂದರು. "ದೊಡ್ಡ ಹಾಲ್‌ನಾಗ ಎಲ್ಲಾ ದೇಶದ ಮಂದಿ ಕುಂತಿದ್ರು. ನಾನೂ ಕುಂತೆ. ಕೇಕ್ ಕೊಟ್ರು. ಮೇಯರ್ ಸಾಹೇಬ್ರು ಬಾಗಿಲದಾಗ ನಿಂತು ಕೈ ಕುಲುಕಿದ್ರು. ಒಂದು ಗಿಡಾನೂ ಕೊಟ್ರು."

ನನಗೆ ಅರ್ಥವಾಯಿತು. ಅವರು ಹೋಗಿ ಕೂತದ್ದು ಪೌರತ್ವ ಕೊಡುವ ಸಮಾರಂಭದಲ್ಲಿ.

ಮಗ ತಲೆಯ ಮೇಲೆ ಕೈಹೊತ್ತು ಕೂತ. "ಆಂಟಿ, ಎಲ್ಲರ ಜೊತೆ ಎದ್ದು ನಿಂತು ಪ್ರತಿಜ್ಞೆ ಬೇರೆ ಹೇಳಿದಾರಂತೆ. ವಿಸಿಟರ್ ವೀಸಾದಲ್ಲಿ ಬಂದೋರು. ಅವರನ್ನ ಹಿಡ್ಕೊಂಡು ಹೋಗ್ತಾರಾ? ನನ್ನ ವೀಸಾ?"

ತಂದೆಯ ಮುಖದ ಕಳೆ ಇಳಿಯಿತು. "ಇಂಡಿಯಾದ ಪಾಸ್‌ಪೋರ್ಟ್ ಹೋತೇನ್ರಿ?" ಎಂದು ಮೆಲ್ಲಗೆ ಕೇಳಿದರು. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ, ಕೌನ್ಸಿಲ್‌ಗೆ ಫೋನ್ ಮಾಡಿದೆ.

ಫೋನೆತ್ತಿದ ಕೌನ್ಸಿಲ್‌ನ ಹೆಂಗಸು ಪೂರ್ತಿ ಕೇಳಿಸಿಕೊಂಡು ನಕ್ಕರು. ಪೌರತ್ವ ಸಿಗುವುದು ಅರ್ಜಿ ಮಂಜೂರಾಗಿ ಹೆಸರು ಕರೆಸಿಕೊಂಡವರಿಗೆ ಮಾತ್ರ. ನೋಡಲು ಬಂದ ಅತಿಥಿಗಳೂ ಕೊನೆಯಲ್ಲಿ ಎದ್ದು ನಾಲ್ಕು ಒಳ್ಳೆಯ ಮಾತು ಹೇಳುವುದುಂಟು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದರು.

ಫೋನಿಟ್ಟು ಹೇಳಿದೆ, "ಅಂಕಲ್, ನೀವು ಇನ್ನೂ ಗದಗಿನವರೇ. ನಿಮ್ಮ ಮಗನಿಗೆ ತೆರಿಗೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ."

ಮಗ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ತಂದೆ ಮುಂದಕ್ಕೆ ಬಾಗಿ, ಮಗನಿಗೆ ಕೇಳಿಸದ ಹಾಗೆ ನನ್ನನ್ನು ಕೇಳಿದರು:

"ಹಂಗಾರ ಆ ಗಿಡ ಹೊಳ್ಳಿ ಕೊಡಬೇಕೇನ್ರಿ? ನಾ ಆಗ್ಲೇ ನೀರು ಹಾಕಿಬಿಟ್ಟೇನಿ."