ಬೈಯದೆ ಕೇಳುವ ಕೆಲಸಕ್ಕೆ ನಮ್ಮತ್ತೆ

ನನ್ನ ಸೋದರತ್ತೆ ಬೈಯಲು ಶುರುಮಾಡಿದರೆ ಭದ್ರಾವತಿಯ ಕಾರ್ಖಾನೆ ಸೈರನ್ ಕೂಡ ಸುಮ್ಮನಾಗುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಆದರೆ ಇಂಥ ಅತ್ತೆ, ಟೀಚರ್ ಕೆಲಸದಿಂದ ನಿವೃತ್ತರಾದ ಮೇಲೆ, ಬೇರೆಯವರ ಕಷ್ಟವನ್ನು ತುಟಿ ಬಿಚ್ಚದೆ ಕೇಳುವ ಕೆಲಸಕ್ಕೆ ಅರ್ಜಿ ಹಾಕಿದರು ಎಂಬುದನ್ನಂತೂ ನಂಬಲೇಬೇಕು!

ಶಿವಮೊಗ್ಗದ ಟ್ರಸ್ಟೊಂದು ಸಾಲ ಸಲಹೆಗಾರರನ್ನು ಹುಡುಕುತ್ತಿತ್ತು. ಸಾಲ ತೀರಿಸಲಾಗದೆ ಕೋರ್ಟಿನಲ್ಲಿ ದಿವಾಳಿ ಅರ್ಜಿ ಹಾಕಲು ಹೊರಟವರನ್ನು ಮೊದಲು ಕೂರಿಸಿ, ಅವರ ಕಥೆ ಪೂರ್ತಿ ಕೇಳಿ, ಬೇರೆ ದಾರಿ ಇದೆಯೇ ಎಂದು ಜೊತೆಗೆ ಯೋಚಿಸಬೇಕು. ಒಂದೇ ಷರತ್ತು: ಬೈಯಬಾರದು.

"ಜನ್ಮದಲ್ಲಿ ಸಾಲ ಮಾಡದೋರು ನೀವು. ಸಾಲಗಾರರ ಕಷ್ಟ ನಿಮಗೇನು ಗೊತ್ತಾಗತ್ತೆ?" ಎಂದೆ.

"ಹೆರಿಗೆ ಮಾಡಿಸೋ ಡಾಕ್ಟ್ರೆಲ್ಲ ಹೆತ್ತಿರ್ತಾರೇನೋ ಮಾರಾಯ?"

ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲೇ ತಾಲೀಮು. ನಾನೇ ಸಾಲಗಾರ. "ಮೇಡಂ, ಕಂತಿನಲ್ಲಿ ದೊಡ್ಡ ಟಿವಿ ತಗೊಂಡೆ..." ಎಂದೆನೋ ಇಲ್ಲವೋ, "ಯಾಕೆ? ಗೋಡೆ ಬೋಳಾಗಿತ್ತಾ? ನೆಟ್ಟಗಿರೋ ಹಳೇ ಟಿವಿ ಕಣ್ಣಿಗೆ ಕಾಣಲ್ವಾ?" ಎಂದು ಶುರುವಾಯಿತು ನೋಡಿ! ಒಳಗೆ ಧಾರಾವಾಹಿ ನೋಡುತ್ತಿದ್ದ ನನ್ನ ಹೆಂಡತಿ ತಾನಾಗಿಯೇ ಟಿವಿ ಆರಿಸಿದಳು.

ಟ್ರಸ್ಟಿನ ಪರೀಕ್ಷೆಯಲ್ಲಿ ಅಲ್ಲಿಯ ಗುಮಾಸ್ತರೊಬ್ಬರು ಮಗಳ ಮದುವೆಗೆ ಸಾಲ ಮಾಡಿದ ತಂದೆಯ ಪಾತ್ರ ವಹಿಸಿದರು. ಅತ್ತೆ ತರಾಟೆಗೆ ತೆಗೆದುಕೊಂಡ ರಭಸಕ್ಕೆ ಗುಮಾಸ್ತರು ಪಾತ್ರವನ್ನೇ ಮರೆತು, "ಬಿಟ್ಟುಬಿಡಿ ಮೇಡಂ, ನನಗಿನ್ನೂ ಮದುವೇನೇ ಆಗಿಲ್ಲ!" ಎಂದು ಕೈಮುಗಿದರು. ಅತ್ತೆ ನಪಾಸು.

ಎರಡನೆಯ ಸಲ ಅತ್ತೆ ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಹೋದರು. ಬಾಯಿ ತೆರೆದರೆ ಎದುರಿನವರ ಬಿಳಿ ಷರ್ಟು ಕೆಂಪಾಗುತ್ತಿತ್ತು! ಹಾಗಾಗಿ ಬರೀ "ಹ್ಞೂಂ". ಸುಣ್ಣ ಹೆಚ್ಚಾಗಿ ಕಣ್ಣಲ್ಲಿ ನೀರು ಬೇರೆ. "ಎಂಥ ಕರುಣೆ!" ಎಂದು ಅಧಿಕಾರಿಗಳು ಮಾನ್ಯತೆ ಕೊಟ್ಟೇಬಿಟ್ಟರು.

ಮೊದಲು ಬಂದವರು ಅತ್ತೆಯ ಊರಾದ ಭದ್ರಾವತಿಯವರೇ, ಗ್ಯಾರೇಜ್ ಇಟ್ಟಿದ್ದ ಸಾಹೇಬರು. ಅಂದು ಅತ್ತೆಯ ಜಗುಲಿಯಲ್ಲಿ ನಾನೂ ಇದ್ದೆ. ಸಾಲದಲ್ಲಿ ಮೆಷಿನ್ ತಂದದ್ದು, ಹೊಸ ರಸ್ತೆಯಾಗಿ ಗಾಡಿಗಳು ಆ ಕಡೆ ತಿರುಗಿದ್ದು, ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ್ದು, ಎಲ್ಲ ಹೇಳಿದರು. ಅತ್ತೆಗೆ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ್ರೇ, ಒಂದರ ಮೇಲೊಂದು ಸಾಲ ಮಾಡುವಾಗ ಮನೇಲಿ ಒಂದು ಮಾತು ಕೇಳೋಣ ಅನ್ನಿಸಲಿಲ್ವಾ?"

"ಮನೇಲಿ ಇನ್ನೂ ಗೊತ್ತಿಲ್ಲ ಅಮ್ಮಾ," ಎಂದರು ಸಾಹೇಬರು. "ದಿನಾ ಊಟದ ಡಬ್ಬಿ ಕಟ್ಟಿಸ್ಕೊಂಡು ಹೊರಡ್ತೀನಿ. ಗ್ಯಾರೇಜ್ ಶಟರ್ ಎತ್ತಲ್ಲ. ಹೊಳೆ ಹತ್ರ ಕೂತಿದ್ದು ಸಾಯಂಕಾಲ ವಾಪಸ್ ಹೋಗ್ತೀನಿ."

ಅತ್ತೆ ಎದ್ದು ಚಪ್ಪಲಿ ಮೆಟ್ಟಿ, "ನಡೀರಿ, ನಿಮ್ಮನೆಗೆ ಹೋಗೋಣ. ನೀವೇ ಹೇಳ್ಬೇಕು. ನಾನು ಪಕ್ಕದಲ್ಲಿ ಕೂತಿರ್ತೀನಿ," ಎಂದರು.

ಅವರ ಮನೆಯಲ್ಲಿ ಸಾಹೇಬರು ತಲೆ ತಗ್ಗಿಸಿ ಎಲ್ಲ ಹೇಳಿ ಮುಗಿಸಿದರು. ಹೆಂಡತಿ ಗೋಡೆಗೊರಗಿ ಕುಸಿದು ಕೂತರು.

"ಯಾ ಅಲ್ಲಾ, ಇಷ್ಟೇನಾ? ಮೂರು ತಿಂಗಳಿಂದ ನೀವು ಸರಿಯಾಗಿ ನಿದ್ದೆ ಮಾಡ್ತಿಲ್ಲ. ಏನೋ ದೊಡ್ಡ ಕಾಯಿಲೆ ಬಂದಿದೆ, ನನ್ನಿಂದ ಮುಚ್ಚಿಡ್ತಿದೀರ ಅಂತ ದಿನಾ ಸಾಯ್ತಿದ್ದೆ," ಎಂದು ಗಂಡನ ಕೈ ಹಿಡಿದುಕೊಂಡು ಅತ್ತರು.

ದಿವಾಳಿ ಅರ್ಜಿಯೇನೂ ತಪ್ಪಲಿಲ್ಲ. ಆದರೆ ಕೋರ್ಟಿಗೆ ಗಂಡ ಹೆಂಡತಿ ಜೊತೆಯಾಗಿಯೇ ಬಂದರು. ಅತ್ತೆಗೂ ಪಕ್ಕದಲ್ಲಿ ಜಾಗ ಬಿಟ್ಟಿದ್ದರು. ಅತ್ತೆ ಅಲ್ಲಿ ಕೂರಲಿಲ್ಲ. ಹಿಂದಿನ ಬೆಂಚಿಗೆ ಹೋಗಿ, ಸೆರಗಿನಿಂದ ಕನ್ನಡಕ ಒರೆಸುತ್ತಾ ಕೂತರು.